ಎಡಹೆಗಲಿನ ಕಂಬಳಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸೌಂದರ್ಯಾ ಬೇಗಂಪೇಟೆಯ ಅನಿಮೇಷನ್ ಸ್ಟುಡಿಯೋದಲ್ಲಿ ಕುರ್ಚಿಯಿಂದ ಎದ್ದು, ದುಪಟ್ಟಾವನ್ನು ಎಡಹೆಗಲ ಮೇಲೆ ಹಾಕಿಕೊಂಡು, ಎರಡು ಮೇಜುಗಳ ನಡುವಿನ ಸಣ್ಣ ಜಾಗದಲ್ಲಿ ಆ ಕಡೆ ಈ ಕಡೆ ನಡೆದು ನೋಡುತ್ತಿದ್ದಳು. ಬಲಕ್ಕೆ ನಡೆದಾಗ ದುಪಟ್ಟಾ ಎಡಹೆಗಲ ಮೇಲಿತ್ತು. ತಿರುಗಿ ಎಡಕ್ಕೆ ನಡೆದಾಗಲೂ ಎಡಹೆಗಲ ಮೇಲೆಯೇ ಇತ್ತು. ಕಂಪ್ಯೂಟರಿನ ಪರದೆಯ ಮೇಲಿದ್ದ ಬಂಡೆಪ್ಪನದು ಮಾತ್ರ ಬೇರೆ ರೀತಿ. ಬಲಕ್ಕೆ ಹೋಗುವಾಗ ಅವನ ಕರಿಯ ಕಂಬಳಿ ಎಡಹೆಗಲ ಮೇಲಿರುತ್ತಿತ್ತು. ಎಡಕ್ಕೆ ತಿರುಗಿದ ಕೂಡಲೇ, ಯಾರೂ ಮುಟ್ಟದೆ, ಬಲಹೆಗಲಿಗೆ ಹೋಗಿ ಕೂತುಬಿಡುತ್ತಿತ್ತು.

"ಏನ್ ಮೇಡಂ, ಯಾರ ಮದುವಿಗಿ ಡಾನ್ಸು?" ಎಂದ ಪಕ್ಕದ ಮೇಜಿನ ಮಹೇಶಕುಮಾರ. ಬೀದರ್ ಕಡೆಯವನು. ಬಂಡೆಪ್ಪನನ್ನು ಕಂಪ್ಯೂಟರಿನಲ್ಲಿ ನಡೆಸುವುದು, ಓಡಿಸುವುದು, ಹಾರಿಸುವುದು ಅವನ ಕೆಲಸ. ಅವನು ಮಾಡಿದ್ದು ಸರಿಯಾಗಿದೆಯೇ ಎಂದು ಒಂದೊಂದು ಶಾಟನ್ನೂ ಪರೀಕ್ಷಿಸುವುದು ಸೌಂದರ್ಯಾಳ ಕೆಲಸ.

"ಇವನ್ನ ಎಡಕ್ಕ ತಿರುಗಿಸು."

"ತಿರುಗಿಸ್ದೆ."

"ಕಂಬಳಿ ಎಲ್ಲೈತಿ?"

"ಹೆಗಲ ಮ್ಯಾಲ ಅದ. ಮತ್ತೆಲ್ಲಿ ಇರ್ತದ?"

"ಯಾವ ಹೆಗಲು?"

ಮಹೇಶ ಪರದೆ ನೋಡಿದ. ತನ್ನ ಒಂದು ಹೆಗಲು ಮುಟ್ಟಿ ನೋಡಿಕೊಂಡ, ಆಮೇಲೆ ಇನ್ನೊಂದು. "ಅರೆ ಬಾಪ್ ರೇ," ಎಂದ.

ಆ ಬಂಡೆಪ್ಪನೇ ಕರಿಕಂಬಳಿ. ಗುಲ್ಬರ್ಗಾದಿಂದ ಹೊರಡುತ್ತಿದ್ದ ಮಕ್ಕಳ ತಿಂಗಳ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಎಡೆಬಿಡದೆ ಬಂದ ಚಿತ್ರಕಥೆಯ ವೀರ. ಉಳಿದ ದಿನಗಳಲ್ಲಿ ಅವನು ತನ್ನೂರಿನ ನೀರುಗಂಟಿ; ಕೆರೆಯ ತೂಬು ತೆಗೆದು ಹೊಲಗಳಿಗೆ ನೀರು ಬಿಡುವವನು. ಯಾರಿಗಾದರೂ ಆಪತ್ತು ಬಂದಾಗ ಹೆಗಲ ಮೇಲಿನ ಕಂಬಳಿಯನ್ನು ಕೊಡವಿ ಬಿಚ್ಚುತ್ತಿದ್ದ. ಬೆಂಕಿಗೆ ಅದು ಸುಡುತ್ತಿರಲಿಲ್ಲ, ಗುಂಡು ಅದನ್ನು ತೂರುತ್ತಿರಲಿಲ್ಲ, ಗಾಳಿಗೆ ಒಡ್ಡಿದರೆ ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ಆದರೆ ಆ ಕಂಬಳಿಯಡಿ ಯಾರನ್ನು ಹೊದಿಸಿ ಕಾಪಾಡುತ್ತಾನೋ ಅವರ ಚಳಿಜ್ವರವನ್ನೆಲ್ಲ ಅವನೇ ಅನುಭವಿಸಬೇಕಾಗುತ್ತಿತ್ತು. ಪ್ರತಿ ಕಥೆಯ ಕೊನೆಯ ಚಿತ್ರದಲ್ಲಿ ಬಂಡೆಪ್ಪ ಒಲೆಯ ಮುಂದೆ ನಡುಗುತ್ತ ಕೂತಿರುತ್ತಿದ್ದ, ಅವನ ಅವ್ವ ಗಂಜಿ ಕುಡಿಸುತ್ತಿದ್ದಳು.

ಸೌಂದರ್ಯಾ ಕನ್ನಡ ಓದಲು ಕಲಿತದ್ದೇ ಬಂಡೆಪ್ಪನಿಂದ. ಅವಳ ತಂದೆ ಅಮೃತಪ್ಪ ಸಿಂಧನೂರಿನ ಕಡೆಯಿಂದ ಬಂದು ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗಗಳ ಅಂಗಡಿ ಇಟ್ಟವರು. ಅಂಗಡಿಯಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಮನೆಯ ಹೊಸಿಲು ದಾಟುತ್ತಿರಲಿಲ್ಲ, ಅದೂ ಬಾಯಿಮಾತಿಗೆ ಮಾತ್ರ. ಸೋದರಮಾವ ಬಸ್ಸಿನಲ್ಲಿ ಬರುವಾಗ ತರುತ್ತಿದ್ದ ಹಳೆಯ ಸಂಚಿಕೆಗಳಲ್ಲಿ ಬಂಡೆಪ್ಪನ ಬಾಯಿಂದ ಹೊರಟ ಬಿಳಿಯ ಗುಳ್ಳೆಗಳೊಳಗಿನ ಅಕ್ಷರಗಳನ್ನು ಅಪ್ಪನ ಬೆನ್ನುಹತ್ತಿ ಕೇಳಿ ಕೇಳಿ ಕೂಡಿಸಿಕೊಂಡಿದ್ದಳು. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದ ಮೇಲೆ ಓರಗೆಯವರೆಲ್ಲ ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳಿಗೆ ನುಗ್ಗಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊರಬಂದರು. ಇವಳು ಅನಿಮೇಷನ್ ಕಲಿತಳು. ಮನೆಗೆ ಬಂದ ನೆಂಟರು, "ಕಂಪ್ಯೂಟರ್ ಮುಂದ ಕುಂತು ಗೊಂಬಿ ಕುಣಸ್ತಾಳಂತ. ಅದಕ್ಕೂ ಪಗಾರ ಕೊಡ್ತಾರೇನ್ರಿ?" ಎಂದು ಕೇಳುತ್ತಿದ್ದರು. ಅಮೃತಪ್ಪ, "ಕೊಡ್ತಾರ, ನಿಮ್ಮ ಹುಡುಗನಕಿಂತ ಸ್ವಲ್ಪ ಕಮ್ಮಿ" ಎಂದು ಮಾತು ಮುಗಿಸುತ್ತಿದ್ದರು.

ಕರಿಕಂಬಳಿಯನ್ನು ತಮ್ಮ ಸ್ಟುಡಿಯೋ ಟಿ.ವಿ. ಧಾರಾವಾಹಿ ಮಾಡುತ್ತಿದೆ ಎಂದು ಗೊತ್ತಾದ ದಿನ ಸೌಂದರ್ಯಾ ಹೊರದೇಶದ ಕಾರ್ಟೂನುಗಳ ಕೆಲಸ ಬಿಡಿಸಿ ಇದಕ್ಕೆ ಹಾಕಿರೆಂದು ತಾನಾಗಿ ಕೇಳಿಕೊಂಡಿದ್ದಳು. ಅವಳು ಬಂದು ಸೇರುವಷ್ಟರಲ್ಲಿ ಅರ್ಧದಷ್ಟು ಕಂತುಗಳು ಮುಗಿದು ಬೆಂಗಳೂರಿನ ಚಾನೆಲ್ಲಿಗೆ ಹೋಗಿದ್ದವು.

ತಪ್ಪು ಹೇಗಾಯಿತೆಂದು ಕಂಡುಹಿಡಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಟುಡಿಯೋದಲ್ಲಿ ಯಾವ ಪಾತ್ರವನ್ನೂ ಎರಡೂ ಕಡೆಯಿಂದ ಬಿಡಿಸುತ್ತಿರಲಿಲ್ಲ. ಬಲಕ್ಕೆ ಮುಖಮಾಡಿದ್ದನ್ನು ಒಮ್ಮೆ ಬಿಡಿಸಿದರೆ, ಎಡಕ್ಕೆ ಬೇಕಾದಾಗ ಅದನ್ನೇ ಕನ್ನಡಿಯೊಳಗಿನ ಬಿಂಬದಂತೆ ತಿರುಗಿಸಿ ಹಾಕುತ್ತಿದ್ದರು. ಅದಕ್ಕೆ ಫ್ಲಿಪ್ ಎಂದು ಹೆಸರು. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಹೊರದೇಶದ ವೀರರ ಕೆಲಸ. ಆ ವೀರರ ಮೇಲಂಗಿ ಎರಡೂ ಹೆಗಲಿಗೆ ಸಮವಾಗಿ ಕಟ್ಟಿ ಬೆನ್ನ ಮೇಲೆ ಇಳಿಬಿಟ್ಟದ್ದು. ಹೇಗೆ ತಿರುಗಿಸಿದರೂ ಅದು ಅದೇ. ಒಂದೇ ಹೆಗಲ ಮೇಲೆ ಕಂಬಳಿ ಹಾಕುವ ವೀರ ಅವರ ಕೈಗೆ ಬಂದದ್ದು ಇದೇ ಮೊದಲು. ಬಂಡೆಪ್ಪ ಬಲಕ್ಕೆ ನಡೆಯುವಾಗ ಎಡಹೆಗಲು ಆಚೆಗಿರುತ್ತದೆ, ಕಂಬಳಿ ಅರ್ಧಕ್ಕೂ ಹೆಚ್ಚು ಮರೆ. ಎಡಕ್ಕೆ ನಡೆಯುವಾಗ ಎಡಹೆಗಲು ನೋಡುವವರ ಕಡೆಗೆ ಬರಬೇಕು, ಕಂಬಳಿ ಹೆಗಲಿಂದ ಮೊಣಕಾಲವರೆಗೆ ಮೈಯನ್ನು ಮುಚ್ಚಬೇಕು. ಫ್ಲಿಪ್ ಮಾಡಿದ್ದರಿಂದ ಅದು ಎಂದೂ ಆಗಿರಲಿಲ್ಲ. ಕರಿಕಂಬಳಿ ಎಂಬ ಹೆಸರಿನ ಧಾರಾವಾಹಿಯಲ್ಲಿ ಕರಿಯ ಕಂಬಳಿ ಹೆಗಲ ಮೇಲೆ ಇಡಿಯಾಗಿ ಒಮ್ಮೆಯೂ ಕಂಡಿರಲಿಲ್ಲ.

ಧಾರಾವಾಹಿಯ ಹೊಣೆ ಹೊತ್ತವನು ಋಷಭ್, ಮೈಸೂರಿನವನು. ಸೌಂದರ್ಯಾ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ.

"ಸರಿ, ತಪ್ಪೇ ಅಂತ ಇಟ್ಕೊಳ್ಳೋಣ. ಯಾವ ಮಗು ಹೆಗಲು ನೋಡ್ಕೊಂಡು ಕೂತಿರತ್ತೆ ಸೌಂದರ್ಯಾ? ನೀರುಗಂಟಿಯನ್ನ ನೀರಾವರಿ ಎಂಜಿನಿಯರ್ ಮಾಡಿದ್ವಿ, ಕೈಗೆ ಮೊಬೈಲ್ ಕೊಟ್ವಿ, ಮಾತಾಡೋ ಗಿಳಿ ತಂದ್ವಿ. ಅದಕ್ಕೆಲ್ಲ ನೀವು ಏನೂ ಅನ್ಲಿಲ್ಲ."

"ಗಿಳಿ ನನಗೂ ಸೇರಂಗಿಲ್ಲ ಸರ್. ಆದ್ರ ಗಿಳಿ ಬಂತಂತ ಕಥಿ ಕೆಡಂಗಿಲ್ಲ. ಹೆಗಲು ಹಂಗಲ್ಲ. ಅವ್ವನ ಕಥಿ ಓದೀರೇನು ನೀವು?"

ಋಷಭ್ ಸಾರಾಂಶ ಓದಿದ್ದ. ಮೂವತ್ತು ವರ್ಷಗಳ ಸಂಚಿಕೆಗಳಲ್ಲಿ ಓದುಗರು ಮರೆಯದೆ ಉಳಿಸಿಕೊಂಡದ್ದು ಆ ಒಂದು ಕಥೆಯನ್ನು. ಬಂಡೆಪ್ಪನ ಅವ್ವ ಸಾಯುತ್ತಾಳೆ. ಚಟ್ಟದ ಮುಂದಿನ ಬಲಮೂಲೆಗೆ ನಿಂತ ಮಗ ಎಡಹೆಗಲು ಕೊಡಬೇಕು. ಅದಕ್ಕಾಗಿ ಅವನು ಕಂಬಳಿಯನ್ನು ಬಲಹೆಗಲಿಗೆ ಹಾಕಿಕೊಳ್ಳುತ್ತಾನೆ. ಆ ಚಿತ್ರದಲ್ಲಿ ಒಂದಕ್ಷರವೂ ಇಲ್ಲ. ಹತ್ತು ವರ್ಷದ ಸೌಂದರ್ಯಾ ಅದನ್ನು ನೋಡಿ, ಅರ್ಥವಾದ ಮೇಲೆ, ಅಂಗಡಿಯ ಪಂಪುಗಳ ಹಿಂದೆ ಹೋಗಿ ಅತ್ತಿದ್ದಳು.

ಧಾರಾವಾಹಿಯ ಕೊನೆಯ ಕಂತು ಅದೇ ಆಗಬೇಕೆಂದು ಚಾನೆಲ್ಲಿನವರ ಆಸೆ; ಋಷಭ್ ಅದರ ಕೆಲಸವನ್ನೂ ಶುರುಮಾಡಿಸಿದ್ದ. ಆದರೆ ಕರಿಕಂಬಳಿಯನ್ನು ಬರೆದು ಬಿಡಿಸಿದ ಕಲ್ಯಾಣಪ್ಪನವರು ಉಳಿದೆಲ್ಲ ಕಥೆಗಳಿಗೆ ಒಪ್ಪಿಗೆ ಕೊಟ್ಟು, ಅವ್ವನ ಕಥೆಯೊಂದನ್ನು ಕೈಯಲ್ಲಿಟ್ಟುಕೊಂಡಿದ್ದರು. ಉಳಿದದ್ದು ಹೇಗೆ ಬಂದಿದೆ ಎಂದು ಸಣ್ಣವರಿದ್ದಾಗಿನಿಂದ ಓದಿದವರೊಬ್ಬರು ಬಂದು ನನಗೆ ಹೇಳಲಿ, ಆಮೇಲೆ ನೋಡೋಣ ಎಂದಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ ನಾಲ್ಕು ವರ್ಷದ ಹಿಂದೆ ದೃಷ್ಟಿ ಪೂರಾ ಹೋಗಿತ್ತು.

"ಹೇಗೂ ನಿಮ್ಮನ್ನೇ ಕಳಿಸೋಣ ಅಂತಿದ್ದೆ," ಎಂದ ಋಷಭ್. "ಚೆನ್ನಾಗಿ ಬಂದಿದೆ ಅಂತ ಹೇಳಿ. ಹೇಗೂ ಅವರು ನೋಡೋಕಾಗಲ್ಲ."

ಕೊನೆಯ ಮಾತು ಬಾಯಿಂದ ಬಂದ ಮೇಲೆ ಅವನಿಗೇ ಮುಜುಗರವಾಯಿತು. ಫೋನು ಕೈಗೆತ್ತಿಕೊಂಡ.

"ಹೋಗಿ ಬರ್ತೀನಿ ಸರ್," ಎಂದಳು ಸೌಂದರ್ಯಾ. "ಹ್ಯಾಂಗೈತೋ ಹಂಗ ಹೇಳ್ತೀನಿ."

ಮರುದಿನ ಬೆಳಿಗ್ಗೆ ಬೇಗಂಪೇಟೆಯಲ್ಲಿ ಲೋಕಲ್ ರೈಲು ಹತ್ತಿದಳು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರೆಲ್ಲ ಹೈಟೆಕ್ ಸಿಟಿ ನಿಲ್ದಾಣದಲ್ಲಿ ಇಳಿದುಹೋದ ಮೇಲೆ ಬೋಗಿಯಲ್ಲಿ ಕೂರಲು ಜಾಗ ಸಿಕ್ಕಿತು. ಲಿಂಗಂಪಲ್ಲಿ ಕೊನೆಯ ನಿಲ್ದಾಣ. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ ಕಲ್ಯಾಣಪ್ಪನವರ ಮಗಳ ಮನೆ. ಮಗಳು ಬ್ಯಾಂಕಿಗೆ ಹೋಗಿದ್ದಳು. ಬಾಗಿಲು ತೆಗೆದವರು ಕಲ್ಯಾಣಪ್ಪನವರ ಹೆಂಡತಿ ಬಸಲಿಂಗಮ್ಮ.

"ಬಾರವಾ, ಒಳಗ ಬಾ. ಮೊದಲ ಮಂಡಾಳ ಒಗ್ಗರಣಿ ತಿನ್ನು, ಆಮ್ಯಾಲ ನಿಮ್ಮ ಬಂಡೆಪ್ಪನ ಪಂಚಾಯ್ತಿ. ಬೆಳಗಿನಿಂದ ಹತ್ತು ಸರ್ತಿ ಕೇಳ್ಯಾರ, ಹುಡುಗಿ ಬಂದಳೇನು, ರೈಲು ಬಂತೇನು ಅಂತ."

"ಹತ್ತಲ್ಲ, ಎರಡು ಸರ್ತಿ ಕೇಳೀನಿ," ಒಳಗಿಂದ ಧ್ವನಿ ಬಂತು. ಕಲ್ಯಾಣಪ್ಪ ರಾಯಚೂರಿನ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನೀಳ ಕೈಗಳು, ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಕುರ್ಚಿಯ ತೋಳಿನ ಮೇಲೆ ಏನನ್ನೋ ಬಿಡಿಸುತ್ತಲೇ ಇದ್ದವು. "ಕುರುಡಗ ಸಿನಿಮಾ ತೋರಸಾಕ ಬಂದೀಯೇನವಾ? ಭಾಳ ಧೈರ್ಯ ನಿಂದು."

"ಹೌದ್ರಿ ಕಾಕಾ, ತೋರಸಾಕೇ ಬಂದೀನಿ."

"ಹ್ಯಾಂಗ ತೋರಸ್ತಿ?"

ರೈಲಿನಲ್ಲಿ ಅವಳು ಯೋಚಿಸಿದ್ದೂ ಅದನ್ನೇ. ನಡೆದದ್ದನ್ನು ಬಾಯಲ್ಲಿ ಹೇಳಿದರೆ ತನ್ನ ಮಾತಿನ ಬಣ್ಣ ಅಂಟಿಕೊಳ್ಳುತ್ತದೆ. ಕಥೆ, ಮಾತು, ಸಂಗೀತ ಅವರ ಕಿವಿಗೇ ಬೀಳುತ್ತವೆ. ಹೆಗಲೊಂದನ್ನು ಹೇಗಾದರೂ ಮುಟ್ಟಿಸಬೇಕು.

"ಕಾಕು, ಒಂದು ದೊಡ್ಡ ಟವೆಲ್ ಕೊಡ್ರಿ."

ಬಸಲಿಂಗಮ್ಮ ತಂದುಕೊಟ್ಟ ದಪ್ಪ ಟವೆಲ್ಲನ್ನು ಸೌಂದರ್ಯಾ ಕಲ್ಯಾಣಪ್ಪನವರ ಎಡಹೆಗಲ ಮೇಲೆ ಹಾಕಿದಳು. ಲ್ಯಾಪ್‌ಟಾಪಿನಲ್ಲಿ ಮೊದಲನೇ ಕಂತು ಹಚ್ಚಿ, ಅವರ ಕುರ್ಚಿಯ ಹಿಂದೆ ನಿಂತಳು. "ಪರದೆ ಮ್ಯಾಲ ಕಂಬಳಿ ಎಲ್ಲಿರತೈತಿ, ಅಲ್ಲಿ ಇದನ್ನ ಹಾಕ್ತೀನ್ರಿ."

ಮೊದಲ ಶಾಟಿನಲ್ಲಿ ಬಂಡೆಪ್ಪ ಬಲಕ್ಕೆ ನಡೆದು ಬಂದ. ಟವೆಲ್ ಅಲುಗಲಿಲ್ಲ. ಎರಡನೆಯದರಲ್ಲಿ ಎಡಕ್ಕೆ ತಿರುಗಿದ. ಸೌಂದರ್ಯಾಳ ಕೈ ಟವೆಲ್ಲಿನ ಅಂಚಿನ ಮೇಲೆ ನಿಂತಿತು. ಅದನ್ನು ಹಾಗೆಯೇ ಬಿಟ್ಟರೆ ಮುಗಿಯಿತು. ಅವ್ವನ ಕಥೆ ಸಿಗುತ್ತದೆ, ಋಷಭ್‌ನ ಕೆಲಸವಾಗುತ್ತದೆ, ಮುದುಕರು ಸಂತೋಷಪಡುತ್ತಾರೆ. ಕೋಣೆಯಲ್ಲಿದ್ದ ಮೂವರಲ್ಲಿ ಪರದೆ ಕಾಣುತ್ತಿದ್ದವಳು ಅವಳೊಬ್ಬಳೇ. ಬಸಲಿಂಗಮ್ಮ ಮಂಡಕ್ಕಿ ಒಗ್ಗರಣೆಗೆ ಮೆಣಸಿನಕಾಯಿ ಮುರಿಯುತ್ತಿದ್ದರು. ಅವಳು ಟವೆಲ್ಲನ್ನು ಎತ್ತಿ ಬಲಹೆಗಲಿಗೆ ಹಾಕಿದಳು.

ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಜಗಳದ ದೃಶ್ಯ ಬಂದಾಗ ಅವಳ ಕೈ ಬಿಡುವಿಲ್ಲದೆ ಓಡಾಡಿತು.

"ಇವ ಏನು ಕಳ್ಳರನ್ನ ಹಿಡಿಯಾಕತ್ತಾನೋ, ಅರಿವಿ ಒಣಗಸಾಕತ್ತಾನೋ?" ಎಂದರು ಕಲ್ಯಾಣಪ್ಪ. ಬಸಲಿಂಗಮ್ಮ ಗೊಳ್ಳೆಂದು ನಕ್ಕರು. ಸೌಂದರ್ಯಾಳಿಗೂ ನಗು ಬಂತು. ಮುಂದೆ ಟವೆಲ್ ಮತ್ತೆ ಮತ್ತೆ ಹಾರಿದಾಗ ಯಾರೂ ನಗಲಿಲ್ಲ.

ಕಂತು ಮುಗಿಯಿತು. ಕಲ್ಯಾಣಪ್ಪ ಟವೆಲ್ಲನ್ನು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

"ಧ್ವನಿ ಛಲೋ ಐತಿ. ಎಂಜಿನಿಯರ್ ಮಾಡ್ಯಾರ, ಮಾಡಲಿ. ನೀರು ಬಿಡಾವ ನೀರು ಬಿಟ್ಟ, ಅಷ್ಟ ಸಾಕು. ಮೊಬೈಲೂ ಇರಲಿ. ಗಿಳಿ ಸುಡುಗಾಡು ಯಾಕ ಬಂತೋ, ಹುಡುಗ್ರು ನಗ್ತಾವ ಬಿಡು. ಆದ್ರ ಇದು ಬ್ಯಾಡವಾ." ಟವೆಲ್ಲಿನ ಮೇಲೆ ಬೆರಳಾಡಿಸಿದರು. "ನಮ್ಮವ್ವ ಹೋದಾಗ ನಾನೂ ಮುಂದಿನ ಮೂಲಿಗೆ ನಿಂತಿದ್ದೆ. ಹೆಗಲ ಮ್ಯಾಲಿನ ಶಲ್ಯ ಅಡ್ಡ ಬಂತು. ಈ ಹೆಗಲಿಂದ ತೆಗದು ಆ ಹೆಗಲಿಗೆ ಹಾಕ್ಕೊಂಡೆ. ಅಷ್ಟೇ ನೆಪ್ಪೈತಿ ನನಗ, ಮತ್ತೇನೂ ನೆಪ್ಪಿಲ್ಲ. ಅದನ್ನ ಬಂಡೆಪ್ಪಗ ಕೊಟ್ಟೆ. ಯಾಕ ಹೆಗಲು ಬದಲಾಯಿಸಿದ ಅಂತ ಬರೀಲಿಲ್ಲ. ಓದೋ ಹುಡುಗ್ರಿಗೆ ತಿಳೀತು. ಅದಕ್ಕೂ ಮೊದಲ ಅವ ಎಂದೂ ಬದಲಾಯಿಸಿರಲಿಲ್ಲ, ಅದಕ್ಕ ತಿಳೀತು. ಇವ ಗಳಿಗಿಗೊಮ್ಮೆ ಬದಲಾಯಿಸ್ತಾನ. ಅವ್ವ ಸತ್ತ ದಿನ ಏನು ಬದಲಾಯಿಸ್ತಾನ ಹೇಳು?"

ಸೌಂದರ್ಯಾ ಲ್ಯಾಪ್‌ಟಾಪ್ ಮುಚ್ಚಿದಳು.

"ಅವ್ವನ ಕಥಿ ಕೊಡಂಗಿಲ್ಲ. ನಿಮ್ಮ ಸಾಹೇಬ್ರಿಗೆ ಹೇಳಿಬಿಡು. ನಿನ್ನ ಮ್ಯಾಲ ಸಿಟ್ಟಿಲ್ಲ."

"ಸರಿಮಾಡಿ ತಂದ್ರ ನೋಡ್ತೀರೇನ್ರಿ ಕಾಕಾ?"

"ನೀ ಟವೆಲ್ ಹಾಕಾಕ ಬಂದ್ರ ನೋಡ್ತೀನಿ," ಎಂದರು ಅವರು.

ಮರುದಿನ ಋಷಭ್ ಕೋಪ ಮಾಡಿಕೊಂಡ. "ಒಪ್ಪಿಗೆ ತನ್ನಿ ಅಂತ ಕಳಿಸಿದ್ರೆ ಬೇಡ ಅನ್ನೋದನ್ನ ತಂದಿದೀರಲ್ರೀ! ಟವೆಲ್ ಐಡಿಯಾ ಯಾರು ಕೊಟ್ರು ನಿಮಗೆ?"

"ನಾನೇ ಸರ್."

"ಈಗ ಏನ್ಮಾಡೋದು?"

ಅವಳು ರಾತ್ರಿ ಮನೆಯಲ್ಲೇ ಯೋಚಿಸಿಟ್ಟುಕೊಂಡಿದ್ದಳು. ಎಲ್ಲ ಶಾಟುಗಳನ್ನೂ ಮತ್ತೆ ಮಾಡಬೇಕಿಲ್ಲ. ಬಂಡೆಪ್ಪನ ಚಲನೆಗಳು ಕೆಲವೇ: ನಡೆಯುವುದು, ಓಡುವುದು, ನಿಲ್ಲುವುದು, ಕೂರುವುದು, ಕಂಬಳಿ ಕೊಡವುವುದು, ಗಾಳಿಯಲ್ಲಿ ತೇಲುವುದು. ಇವಿಷ್ಟನ್ನು ಎಡಕ್ಕೆ ಮುಖ ಮಾಡಿ ಹೊಸದಾಗಿ ಬಿಡಿಸಿಕೊಂಡರೆ, ಎಲ್ಲೆಲ್ಲಿ ಫ್ಲಿಪ್ ಆಗಿದೆಯೋ ಅಲ್ಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಲು ಕಂಪ್ಯೂಟರಿಗೇ ಹೇಳಬಹುದು. ಮುಖ ಹತ್ತಿರದಿಂದ ಕಾಣುವ ಶಾಟುಗಳಲ್ಲಿ ಮಾತ್ರ ತುಟಿಗಳ ಚಲನೆ ಹಳೆಯ ಚಿತ್ರಕ್ಕೆ ಹೊಲಿದುಹೋಗಿರುತ್ತದೆ. ಅವನ್ನು ಒಂದೊಂದಾಗಿ ಕೈಯಿಂದ ಮಾಡಬೇಕು.

"ಚಾನೆಲ್ಲಿಗೆ ಹೋದದ್ದು ಹೋಯ್ತು, ಅದನ್ನ ವಾಪಸ್ ಕೇಳಲ್ಲ," ಎಂದ ಋಷಭ್. "ಉಳಿದದ್ದಕ್ಕೆ ಮಾಡಿ. ಆದರೆ ದಿನದ ಕೆಲಸ ನಿಲ್ಲಬಾರದು. ತಿಂಗಳ ಕೊನೆಗೆ ಆಗಲಿಲ್ಲ ಅಂದ್ರೆ ಅವ್ವನ ಕಂತೇ ಇಲ್ಲ, ನಿಮ್ಮನ್ನೂ ವಾಪಸ್ ಹೊರದೇಶದ ಕೆಲಸಕ್ಕೆ ಹಾಕ್ತೀನಿ. ಒಪ್ಪಿಗೇನಾ?"

"ಒಪ್ಪಿಗಿ ಸರ್."

ಹೊರಗೆ ಬಂದಾಗ ಮಹೇಶ ಕೈಮುಗಿದ. "ನಕ್ಕೋ ಮೇಡಂ, ಬ್ಯಾಡೇ ಬ್ಯಾಡ. ಕಂಬಳಿ ಈ ಕಡೆ ಬಂತಂದ್ರ ಮಡಿಕಿ ಎಲ್ಲಾ ಬಿಡಸ್ಬೇಕು. ಫ್ಲಿಪ್ ಕಂಡುಹಿಡಿದವ್ರಿಗಿ ದುವಾ ಕೊಟ್ಟು ಸುಮ್ನಿರ್ರಿ."

"ನೀ ಬಿಡಸ್ಬ್ಯಾಡ, ನಾ ಬಿಡಸ್ತೀನಿ. ನೀ ನಡದ್ರ ಸಾಕು."

"ಎಲ್ಲಿಗಿ?"

ಅಪ್ಪ ಅಂಗಡಿಯ ಕುರ್ಚಿಗೆ ಹಾಸಿಕೊಳ್ಳುತ್ತಿದ್ದ ಹಳೆಯ ಕರಿಯ ಕಂಬಳಿಯನ್ನು ಅವಳು ಕೊಡವಿ ತಂದಿದ್ದಳು. ಅದನ್ನು ಮಹೇಶನ ಎಡಹೆಗಲಿಗೆ ಹೊದಿಸಿ, ಊಟದ ಬಿಡುವಿನಲ್ಲಿ ಕಾರಿಡಾರಿನಲ್ಲಿ ನಡೆಸಿದಳು, ಓಡಿಸಿದಳು, ಮೆಟ್ಟಿಲಿಂದ ಹಾರಿಸಿದಳು. ಒಂದೊಂದನ್ನೂ ಕ್ಯಾಮೆರಾದಲ್ಲಿ ಹಿಡಿದಳು. "ಚುಚ್ತದ ಮೇಡಂ! ನಿಮ್ಮ ಅಪ್ಪಾಜಿ ಇದರ ಮ್ಯಾಲ ಹ್ಯಾಂಗ ಕೂಡ್ತಾರ?" ಎಂದು ಅವನು ಮೈ ಕೆರೆದುಕೊಳ್ಳುತ್ತಿದ್ದ. ಬೇರೆ ಕೋಣೆಗಳಿಂದ ಬಂದು ನಿಂತವರು ಶಿಳ್ಳೆ ಹಾಕಿದರು.

ಆ ಚಿತ್ರಗಳನ್ನು ನಿಧಾನವಾಗಿ ಓಡಿಸಿ ನೋಡಿದಾಗ ಅವಳಿಗೆ ಇನ್ನೊಂದು ತಪ್ಪೂ ಕಂಡಿತು. ಅಲ್ಲಿಯವರೆಗೆ ಬಂಡೆಪ್ಪನ ಕಂಬಳಿಗೆ ಅವರು ಕೊಟ್ಟಿದ್ದು ಹೊರದೇಶದ ವೀರರ ಮೇಲಂಗಿಯ ಚಲನೆ: ತೆಳು ಬಟ್ಟೆಯಂತೆ ಸದಾ ಪಟಪಟಿಸುವುದು. ಉಣ್ಣೆಗೆ ತೂಕವಿದೆ. ಹೆಜ್ಜೆ ಮುಂದೆ ಹೋದ ಮೇಲೆ ಅದು ಹಿಂದಿನಿಂದ ಹೊರಡುತ್ತದೆ. ಮನುಷ್ಯ ನಿಂತ ಮೇಲೂ ಒಂದು ಸಲ ತೂಗಿ, ಕಾಲಿಗೆ ಬಡಿದು, ಆಮೇಲೆ ನಿಲ್ಲುತ್ತದೆ. ಬಿ.ಎಸ್‌ಸಿ.ಯಲ್ಲಿ ಲೋಲಕದ ಪ್ರಯೋಗ ಮಾಡುವಾಗ ಕಲಿತದ್ದನ್ನೆಲ್ಲ ಅವಳು ಆ ಕಂಬಳಿಗೆ ಸುರಿದಳು. ಬಿಡಿಸಿದ್ದು ಸರಿಬರಲಿಲ್ಲ, ಅಳಿಸಿದಳು. ಮತ್ತೆ ಬಿಡಿಸಿದಳು. ಬಿಡಿಸಲ್ಲ ಎಂದಿದ್ದ ಮಹೇಶ ಮೂರನೇ ದಿನ ಸುಮ್ಮನೆ ಬಂದು ಪಕ್ಕದಲ್ಲಿ ಕೂತು, "ಮೊಣಕಾಲ ಹತ್ತಿರದ ಮಡಿಕಿ ನನಗ ಬಿಡ್ರಿ, ನಿಮ್ದು ಚಪಾತಿ ಆಗ್ಯಾದ" ಎಂದ.

ಎಡಕ್ಕೆ ನಡೆಯುವ ಹೊಸ ಬಂಡೆಪ್ಪ ಮೊದಲ ಬಾರಿಗೆ ಪರದೆಯ ಮೇಲೆ ಬಂದಾಗ ಋಷಭ್ ಅಲ್ಲೇ ಹಾದುಹೋಗುತ್ತಿದ್ದ. ನಿಂತ. ಕರಿಯ ಉಣ್ಣೆ ಹೆಗಲಿಂದ ಇಳಿದು ಪರದೆಯ ಅರ್ಧ ಭಾಗ ತುಂಬಿತ್ತು. ಒಂದೊಂದು ಹೆಜ್ಜೆಗೂ ತಡವಾಗಿ, ಭಾರವಾಗಿ ತೂಗುತ್ತಿತ್ತು.

"ಇನ್ನೊಂದ್ಸಲ ಹಾಕಿ," ಎಂದ. ಮತ್ತೆ ನೋಡಿದ. "ಇವನು ದೊಡ್ಡವನಾಗಿಬಿಟ್ಟಿದಾನಲ್ರೀ. ಪೋಸ್ಟರಿಗೆ ಇದನ್ನೇ ಹಾಕೋಣ."

ತಿಂಗಳ ಕೊನೆಯ ಭಾನುವಾರ ಲಿಂಗಂಪಲ್ಲಿಯ ರೈಲಿನಲ್ಲಿ ಋಷಭ್ ತಾನೂ ಬಂದ. ಕೈಯಲ್ಲಿ ಪೋಸ್ಟರಿನ ಮಾದರಿ. ಬಂಡೆಪ್ಪನ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಕಲ್ಯಾಣಪ್ಪನವರ ಕರಿಕಂಬಳಿ. 'ಪತ್ರಿಕೆಯಲ್ಲಿ ಇದ್ದಂತೆಯೇ, ನೂರಕ್ಕೆ ನೂರು!' ಎನ್ನುತ್ತಾರೆ ಸ್ವತಃ ಕಲ್ಯಾಣಪ್ಪ."

"ಅವರು ಹಂಗ ಅಂದಿಲ್ಲಲ್ಲ ಸರ್."

"ಅನ್ನಿಸ್ಬೇಕು. ಹಳೇ ಓದುಗರು ನಂಬೋದು ಅವರೊಬ್ಬರನ್ನೇ. ಚಾನೆಲ್‌ನವರು ಈ ಒಂದು ಸಾಲಿಗೆ ಕಾಯ್ತಿದಾರೆ. ನೀವು ಹೂಂ ಅಂದ್ರೆ ಅವರೂ ಹೂಂ ಅಂತಾರೆ, ನನಗೆ ಗೊತ್ತು."

ಸೌಂದರ್ಯಾ ಪೋಸ್ಟರನ್ನು ಸುತ್ತಿ ಅವನ ಕೈಗೆ ವಾಪಸು ಕೊಟ್ಟಳು. ಕಿಟಕಿಯ ಹೊರಗೆ ಏಳುತ್ತಿದ್ದ ಕಟ್ಟಡಗಳನ್ನು ನೋಡುತ್ತ ಕೂತಳು.

ಕಲ್ಯಾಣಪ್ಪ ಟವೆಲ್ಲನ್ನು ತಾವೇ ಎಡಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು. ಋಷಭ್‌ನನ್ನು ಮಾತಾಡಿಸಿ, ಬಸಲಿಂಗಮ್ಮನಿಗೆ ಚಹಾ ಇಡಲು ಹೇಳಿ, "ಹಚ್ಚವಾ" ಎಂದರು.

ಅವ್ವನ ಕಥೆ ಆರಂಭವಾಯಿತು. ಬಂಡೆಪ್ಪ ಬಲಕ್ಕೆ ನಡೆದ, ಎಡಕ್ಕೆ ನಡೆದ, ಕೆರೆಯ ಏರಿಯ ಮೇಲೆ ಓಡಿದ. ಸೌಂದರ್ಯಾಳ ಎರಡೂ ಕೈ ಕುರ್ಚಿಯ ಬೆನ್ನ ಮೇಲಿದ್ದವು. ಟವೆಲ್ ಇದ್ದಲ್ಲೇ ಇತ್ತು. ಬಹಳ ಹೊತ್ತು ಕಳೆದ ಮೇಲೆ ಮುಖ ಹತ್ತಿರದಿಂದ ಕಾಣುವ ಒಂದು ಶಾಟ್ ಬಂತು, ಕೈಯಿಂದ ಸರಿಮಾಡಲು ಸಮಯ ಸಿಗದೆ ಉಳಿದದ್ದು. ಅವಳು ಟವೆಲ್ಲನ್ನು ಬಲಕ್ಕೆ ಹಾಕಿ, ಶಾಟ್ ಮುಗಿದೊಡನೆ ಎಡಕ್ಕೆ ತಂದಳು. ಋಷಭ್ ಅವಳತ್ತ ಕಣ್ಣುಬಿಟ್ಟ. "ಹೂಂ," ಎಂದರು ಕಲ್ಯಾಣಪ್ಪ. "ಒಂದು."

ಇನ್ನೊಂದು ಬಂತು. "ಎರಡು."

ಆಮೇಲೆ ಮಾತು ನಿಂತಿತು, ಸಂಗೀತವೂ ನಿಂತಿತು. ಹೆಜ್ಜೆಗಳ ಸದ್ದು ಮಾತ್ರ ಉಳಿಯಿತು. ಸೌಂದರ್ಯಾ ಟವೆಲ್ಲನ್ನು ಮೆಲ್ಲಗೆ ಎತ್ತಿ ಬಲಹೆಗಲಿಗೆ ಹಾಕಿದಳು. ಖಾಲಿಯಾದ ಎಡಹೆಗಲ ಮೇಲೆ ತನ್ನ ಅಂಗೈಯನ್ನು ಇಟ್ಟು ಭಾರ ಬಿಟ್ಟಳು. ಕಲ್ಯಾಣಪ್ಪ ಆ ಹೆಗಲನ್ನು ಸ್ವಲ್ಪ ಮೇಲೆತ್ತಿ ಕೊಟ್ಟರು. ಹೆಜ್ಜೆಯ ಸದ್ದು ಮುಗಿಯುವವರೆಗೂ ಹಾಗೆಯೇ ಇದ್ದರು. ಚಹಾದ ತಟ್ಟೆ ಹಿಡಿದು ಬಂದ ಬಸಲಿಂಗಮ್ಮ ಬಾಗಿಲಲ್ಲೇ ನಿಂತುಕೊಂಡರು.

ಕಂತು ಮುಗಿದ ಮೇಲೆ ಮೊದಲು ಮಾತಾಡಿದವರು ಬಸಲಿಂಗಮ್ಮ. "ಏನಂತೀರಿ ಈಗ?"

"ಏನನ್ಲಿ? ಹೆಗಲು ನೋಯಾಕತ್ತೈತಿ," ಎಂದು ಕಲ್ಯಾಣಪ್ಪ ಮೂಗು ಒರೆಸಿಕೊಂಡರು. "ತಗೋರಿ ಸಾಹೇಬ್ರ, ಅವ್ವನ ಕಥಿ ನಿಮ್ದು. ಎರಡು ತಪ್ಪು ನಡೀತಾವ. ನಾ ಬಿಡಸಾವಾಗೂ ಕೈ ನಡುಗತಿತ್ತು."

ಋಷಭ್‌ನ ಮುಖ ಅರಳಿತು. ತಡಮಾಡದೆ ಪೋಸ್ಟರು ಬಿಚ್ಚಿ, ಅದರ ಮೇಲಿದ್ದುದನ್ನು ಗಟ್ಟಿಯಾಗಿ ಓದಿಹೇಳಿದ. ಕಲ್ಯಾಣಪ್ಪ ಕೇಳಿಸಿಕೊಂಡರು. ಬೆರಳುಗಳು ಕುರ್ಚಿಯ ತೋಳಿನ ಮೇಲೆ ಓಡಾಡುವುದನ್ನು ಬಿಟ್ಟು ನಿಂತವು.

"ನನ್ನ ಹೆಸರಿಲೆ ಹೇಳ್ತೀರಿ. ನಾ ಕೇಳಿದ್ದು ಎರಡೇ ಕಂತು," ಎಂದು ಸೌಂದರ್ಯಾ ಇದ್ದ ಕಡೆ ಮುಖ ತಿರುಗಿಸಿದರು. "ಮೊದಲಿಂದ ಕೊನೀತನಕ ಎಲ್ಲಾ ನೋಡಿದಾಕಿ ನೀನು. ನೂರಕ್ಕ ನೂರಂತ. ಹೌದೇನವಾ? ಅಲ್ಲಾಂದ್ರ ಎಷ್ಟು?"

ಅದು ಅವಳಿಗೆ ಗೊತ್ತಿತ್ತು. ಬಂಡೆಪ್ಪ ಕಾಣಿಸಿಕೊಳ್ಳುವ ಶಾಟುಗಳನ್ನೆಲ್ಲ, ಚಾನೆಲ್ಲಿಗೆ ಹೋಗಿಬಿಟ್ಟ ಕಂತುಗಳದನ್ನೂ ಸೇರಿಸಿ, ಕಂಬಳಿ ಸರಿಯಾದ ಹೆಗಲ ಮೇಲಿರುವವು ಎಷ್ಟೆಂದು ಅವಳು ತನ್ನಷ್ಟಕ್ಕೆ ಎಣಿಸಿದ್ದಳು. ಯಾರೂ ಕೇಳಿರಲಿಲ್ಲ, ಹೇಳುವ ಸಂದರ್ಭವೂ ಬಂದಿರಲಿಲ್ಲ. ಋಷಭ್ ಬೇಡವೆನ್ನುವಂತೆ ತಲೆಯಾಡಿಸಿದ. ಅವಳು ಅದನ್ನು ನೋಡಿದಳು, ಕಲ್ಯಾಣಪ್ಪನವರಿಗೆ ಉತ್ತರ ಹೇಳಿದಳು.

ಆ ಉತ್ತರದಿಂದಾಗಿ ಪೋಸ್ಟರಿನಲ್ಲಿ ಕಲ್ಯಾಣಪ್ಪನವರ ಹೆಸರು ಉಳಿದು, ಅದರ ಮುಂದಿನ ಮಾತು ಹೋಯಿತು. ವಾಪಸು ಬರುವಾಗ ಋಷಭ್ ಹಫೀಜ್‌ಪೇಟೆಯವರೆಗೂ ಪೋಸ್ಟರನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದ. ಆಮೇಲೆ, "ಮುಂದಿನದಕ್ಕೆ ಮೊದಲೇ ಬಂದು ನೋಡಿ ಮಾರಾಯ್ರೆ, ಅರ್ಧ ಆದ್ಮೇಲೆ ಬರಬೇಡಿ" ಎಂದ. ಹಾಗೆಯೇ ಆಯಿತು. ಆ ಸ್ಟುಡಿಯೋದಲ್ಲಿ ಪುಸ್ತಕದಿಂದಲೋ ಪತ್ರಿಕೆಯಿಂದಲೋ ಬರುವ ಯಾವ ಪಾತ್ರವನ್ನೂ ಎರಡೂ ಕಡೆಯಿಂದ ಬಿಡಿಸಿ, ಸೌಂದರ್ಯಾ ಒಪ್ಪಿದ ಮೇಲೆಯೇ ನಡೆಸುವುದು ರೂಢಿಯಾಯಿತು. ಅವ್ವನ ಕಂತು ತೆಲುಗಿನಲ್ಲೂ ಹಿಂದಿಯಲ್ಲೂ ಬಂತು. ನೋಡಿದವರಲ್ಲಿ ಯಾರು ಹೆಗಲು ಗಮನಿಸಿದರೋ, ಯಾರು ಸುಮ್ಮನೆ ಅತ್ತರೋ ತಿಳಿಯಲು ದಾರಿಯಿಲ್ಲ.

ಧಾರಾವಾಹಿ ಮೂಲಕ್ಕೆ ಎಷ್ಟು ನಿಷ್ಠವಾಗಿತ್ತು ಎಂದು ಹಳೆಯ ಓದುಗರು ಇವತ್ತಿಗೂ ಜಗಳಾಡುವುದುಂಟು. ಪೂರ್ತಿ ಹಾಳುಮಾಡಿದರು ಎನ್ನುವವರಿದ್ದಾರೆ, ಇದ್ದ ಹಾಗೇ ತಂದರು ಎನ್ನುವವರೂ ಇದ್ದಾರೆ. ಸೌಂದರ್ಯಾ ಆ ಜಗಳಕ್ಕೆ ಹೋಗುವುದಿಲ್ಲ. ಅವಳು ಹೇಳಬೇಕಾದವರಿಗೆ, ಅವರೇ ಕೇಳಿದಾಗ, ಲಿಂಗಂಪಲ್ಲಿಯ ಆ ಕೋಣೆಯಲ್ಲಿ, ಋಷಭ್‌ನ ಎದುರಿಗೇ ಹೇಳಿಯಾಗಿತ್ತು:

"ನೂರಕ್ಕ ಅರವತ್ತೆಂಟು, ಕಾಕಾ."